ಅಕ್ಕನ ಕಾರಿಗೆ ಬಂದ ಹೊಸ ಸಾಫ್ಟ್‌ವೇರ್

ಬೀದಿಯ ತಿರುವಿನ ಏರನ್ನು ಕಾರೊಂದು ಒಂದೇ ಉಸಿರಿಗೆ ಹತ್ತಿ ಬಂದ ಸದ್ದು. ಶೆಡ್ಡಿನ ಮೇಲಿನ ಕೋಣೆಯಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದವನು ಕಿವಿಗೊಟ್ಟು, ಯಾರದೋ ಇರಬೇಕೆಂದು ಮತ್ತೆ ಕನ್ನಡಿಗೆ ತಿರುಗಿದ. ಕೆಳಗೆ ಹಾರನ್ ಆಯಿತು. ಬಗ್ಗಿ ನೋಡಿದರೆ ಅಕ್ಕ. ಅವಳ ಕಾರಿನ ಸದ್ದು ಅವನಿಗೆ ಗುರುತು ಸಿಗದೆ ಹೋದದ್ದು ಅದೇ ಮೊದಲು.

ಬೀದಿಯವರು ಅವನನ್ನು ಮೇಷ್ಟ್ರು ಎನ್ನುತ್ತಿದ್ದರು. ಅವನು ಪಾಠ ಹೇಳಿದ್ದು ಇಂಜಿನ್ನುಗಳಿಗೆ ಮಾತ್ರ. ಕಾರಿನ ಕಂಪ್ಯೂಟರಿಗೆ ಲ್ಯಾಪ್‌ಟಾಪ್ ಜೋಡಿಸಿ, ಆಕ್ಸಿಲರೇಟರ್ ಎಷ್ಟು ಒತ್ತಿದರೆ ಎಷ್ಟು ಡೀಸೆಲ್ ಹೋಗಬೇಕೆಂಬುದನ್ನು ಓಡಿಸುವವರ ಕಾಲಿಗೆ ತಕ್ಕಂತೆ ತಿದ್ದುತ್ತಿದ್ದ. ಅಕ್ಕನಿಗೆ ಬಲಮಂಡಿ ನೋವು. ಏರಿನಲ್ಲಿ ಏದುಸಿರು ಬಿಡುತ್ತಿದ್ದ ಅವಳ ಕಾರು ಮೆತ್ತಗೆ ಒತ್ತಿದರೂ ಏಳುವಂತೆ ಮಾಡಿಕೊಟ್ಟಿದ್ದ. ಆದರೆ ಸರ್ವಿಸಿಗೆ ಬಿಟ್ಟಾಗಲೆಲ್ಲ ಡೀಲರ್ ಕಡೆಯವರು ಹೊಸ ಸಾಫ್ಟ್‌ವೇರ್ ಹಾಕುತ್ತಿದ್ದರು, ತಿದ್ದಿದ್ದೆಲ್ಲ ಅಳಿಸಿಹೋಗುತ್ತಿತ್ತು. ಹಳೆಯ ಫೈಲನ್ನೇ ತುಂಬುವಂತಿಲ್ಲ; ಹೊಸದಕ್ಕೆ ಹೊಂದದಿದ್ದರೆ ಕಂಪ್ಯೂಟರೇ ಕಣ್ಣು ಮುಚ್ಚುತ್ತದೆ. ಮೊದಲಿನಿಂದ ತಿದ್ದಿ, ಓಡಿಸಿ ನೋಡಿ, ಮತ್ತೆ ತಿದ್ದಬೇಕು. ಅಷ್ಟರಲ್ಲಿ ಕತ್ತಲಾಗಿ ಅಕ್ಕ ಒಂದು ರಾತ್ರಿ ಉಳಿಯುತ್ತಿದ್ದಳು.

ಅಮ್ಮ ಹೋದ ಮೇಲೆ ಇಬ್ಬರಿಗೂ ಜಗಳವೇನೂ ಆಗಿರಲಿಲ್ಲ. ಹೋಗಿ ಬರಲು ಒಂದು ನೆವ ಇಲ್ಲವಾಗಿತ್ತು, ಅಷ್ಟೆ. ಸಾಫ್ಟ್‌ವೇರ್ ಮುಟ್ಟಬೇಡಿ ಅಂತ ಡೀಲರಿಗೆ ಮೊದಲೇ ಹೇಳಿ ಎಂದು ಗಿರಾಕಿಗಳಿಗೆಲ್ಲ ಬಾಯಿ ನೋಯುವಷ್ಟು ಹೇಳುತ್ತಿದ್ದವನು, ಅಕ್ಕನಿಗೆ ಮಾತ್ರ ಹೇಳಿರಲಿಲ್ಲ.

"ಮತ್ತೆ ಅಳಿಸಿಬಿಟ್ರು ಕಣೋ ನಿನ್ನ ಪಾಠಾನ," ಎಂದು ಕೀಲಿ ಕೊಟ್ಟ ಅಕ್ಕ ಅವನ ಮುಖ ನೋಡಿದಳು. "ಗಡ್ಡಾನೂ ಅರ್ಧ ಅಳಿಸಿದಾರಲ್ಲೋ."

ಕೇಬಲ್ ಹಾಕಿದ. ಈ ಸಲದ ಸಾಫ್ಟ್‌ವೇರ್ ಒಳಗಿನಿಂದಲೇ ಬೀಗ ಹಾಕಿಕೊಂಡಿತ್ತು. ಕಂಪ್ಯೂಟರಿನ ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟು ಆ ಬೀಗ ಒಡೆಯಬಹುದು; ಎರಡು ದಿನದ ಕೆಲಸ. ಅದಕ್ಕೂ ಮೊದಲು ಓಡಿಸಿ ನೋಡೋಣವೆಂದು ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಏರಿಗೆ ಹೋದ. ಅವಳ ನೋಯುವ ಕಾಲಿನಷ್ಟೇ ಮೆತ್ತಗೆ ಒತ್ತಿದ. ಕಾರು ಏರಿತು. ಇಳಿಸಿ ಮತ್ತೆ ಏರಿಸಿದ. ತಪ್ಪು ಹುಡುಕಿದ, ಸಿಗಲಿಲ್ಲ. ಅವನು ವರ್ಷಗಟ್ಟಲೆ ತಿದ್ದುತ್ತ ಬಂದದ್ದನ್ನು ಕಂಪನಿಯವರೇ ತಿದ್ದಿ ಕಳಿಸಿದ್ದರು.

ವಾಪಸು ಬರುವಾಗ, ಕಾರು ಎರಡು ದಿನ ಇಲ್ಲೇ ಬಿಟ್ಟಿರು ಅಕ್ಕ ಎನ್ನುವ ಮಾತು ಗಂಟಲವರೆಗೆ ಬಂತು. ಅಂದರೆ ನಂಬುತ್ತಾಳೆ. ಚಿಕ್ಕಂದಿನಿಂದ ಅವನು ಹೇಳಿದ್ದನ್ನೆಲ್ಲ ನಂಬಿದವಳು. ಶೆಡ್ಡಿನ ಮುಂದೆ ಕಾರು ನಿಲ್ಲಿಸಿದರೂ ಇಂಜಿನ್ ಆರಿಸಲಿಲ್ಲ.

"ಹೇಗಿದೆಯೋ?"

"ಚೆನ್ನಾಗಿದೆ ಅಕ್ಕ. ಅವರೇ ಸರಿ ಮಾಡಿದಾರೆ. ಇನ್ನು ನಾನು ಮುಟ್ಟಿದ್ರೇ ಕೆಡೋದು."

ಅಕ್ಕ ಕಿಟಕಿಯ ಕಡೆ ತಿರುಗಿದಳು. "ಹಾಗಾದ್ರೆ ಇನ್ಮೇಲೆ ನನಗೆ ಇಲ್ಲೇನೂ ಕೆಲಸ ಇಲ್ಲ ಅನ್ನು," ಎಂದು ನಕ್ಕಳು. ಅದು ಪ್ರಶ್ನೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ.

ಇಂಜಿನ್ ಆರಿಸಿ, ಇಳಿದು ಬಂದು ಕೀಲಿಯನ್ನು ಅವಳ ಕೈಗಿಟ್ಟ. ಕೇಬಲನ್ನು ಮೊಣಕೈಗೆ ಸುತ್ತಿಕೊಳ್ಳುತ್ತ, ಅವಳ ಮುಖ ನೋಡದೆ, "ಕೆಲಸ ಅಂತಲೇ ಬರಬೇಕು ಅಂತೇನಿಲ್ಲ ಅಕ್ಕ, ಕಾರು ಸರಿ ಇದ್ರೂ ನೀನು ಆಗಾಗ..." ಎನ್ನುತ್ತಲೇ ಶೆಡ್ಡಿನೊಳಕ್ಕೆ ನಡೆದುಬಿಟ್ಟ.