ಡಿಕ್ಕಿ ಸಾಹೇಬರು ತಂದ ಸೊನ್ನೆ

ಆಫೀಸಿನಲ್ಲಿ ಅವರನ್ನು ಎಲ್ಲರೂ ಡಿಕ್ಕಿ ಸಾಹೇಬರು ಎನ್ನುತ್ತಿದ್ದರು. ಅದು ಗೌರವವೆಂದು ಅವರೊಬ್ಬರೇ ತಿಳಿದಿದ್ದರು. ಕಟ್ಟಡ ಏಳುವ ಮೊದಲೇ ಅದನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಾರಲ್ಲ, ಕಂಬ ತೊಲೆಗಳನ್ನು ಒಂದು ತಂಡ, ಪೈಪುಗಳನ್ನು ಇನ್ನೊಂದು ತಂಡ. ಇವರ ಮುಖ ಅವರು ನೋಡುವುದಿಲ್ಲ. ಎರಡನ್ನೂ ಒಂದರೊಳಗೊಂದು ಇಟ್ಟು, ಯಾವ ಪೈಪು ಯಾವ ತೊಲೆಗೆ ಗುದ್ದುತ್ತದೆಂದು ಪರೀಕ್ಷಿಸುವುದು ಸಾಹೇಬರ ಕೆಲಸ. ಹನ್ನೊಂದು ವರ್ಷ ಇದನ್ನೇ ಮಾಡಿ, ತಾವಿಲ್ಲದಿದ್ದರೆ ಊರಿನ ಅರ್ಧ ಕಟ್ಟಡ ನೆಲ ಕಚ್ಚುತ್ತಿತ್ತು ಎಂದು ನಂಬಿದ್ದರು. ಮನೆಯಲ್ಲಿ ಫ್ರಿಜ್ಜಿನ ಬಾಗಿಲು ಕಪಾಟಿಗೆ ತಾಗಿದರೂ ವರದಿ ಒಪ್ಪಿಸುವರು.

“ನಿಮ್ಮ ಮೊಣಕೈ ನನಗೆ ತಾಗ್ತಿದೆ, ಅದನ್ನೂ ಬರ್ಕೊಳ್ಳಿ,” ಎನ್ನುವಳು ಹೆಂಡತಿ.

ಆ ವರ್ಷ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಯಿತು. ಸಾಹೇಬರು ಊಟದ ಹೊತ್ತಿನಲ್ಲಿ, ಯಾರೂ ಇಲ್ಲದಾಗ, ಎರಡು ಸಲ ಅದರಲ್ಲಿ ಕೂತೂ ನೋಡಿದ್ದರು. ಅಷ್ಟರಲ್ಲಿ ಆರು ಅಂತಸ್ತಿನ ಆಸ್ಪತ್ರೆಯ ಪರೀಕ್ಷೆ ಬಂತು. ಫಲಿತಾಂಶ: ಸಾವಿರದ ನಾನೂರ ಹನ್ನೆರಡು ಡಿಕ್ಕಿ.

ಮ್ಯಾನೇಜರು ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು. “ಶುಕ್ರವಾರ ಆಸ್ಪತ್ರೆ ಮಾಲೀಕರು ಬರ್ತಾರೆ. ಸೊನ್ನೆ ಕಾಣ್ಬೇಕು. ಎಷ್ಟು ಮಿಲಿಮೀಟರ್‌ವರೆಗೆ ಗುದ್ದಿದ್ರೆ ಬಿಟ್ಟುಬಿಡು ಅಂತ ಹೇಳಿದೀರಿ ಈ ಕಂಪ್ಯೂಟರಿಗೆ?”

“ಹತ್ತು ಸಾರ್.”

“ನೂರೈವತ್ತು ಮಾಡಿ.”

“ಸಾರ್, ಪೈಪಿನ ದಪ್ಪವೇ ನೂರಹತ್ತು. ಇಡೀ ಪೈಪು ತೊಲೆಯೊಳಗೆ ಹೊಕ್ಕರೂ ಇದು ಬಾಯಿ ಬಿಡಲ್ಲ.”

“ಬಾಯಿ ಬಿಡದೇ ಇರೋರೇ ಮುಂದೆ ಬರೋದು, ಸಾಹೇಬ್ರೇ,” ಎಂದು ಮ್ಯಾನೇಜರು ಖಾಲಿ ಕುರ್ಚಿಯ ಕಡೆ ನೋಡಿದರು.

ಸಾಹೇಬರೂ ನೋಡಿದರು. ನೂರೈವತ್ತು ಮಾಡಿದರು. ಸೊನ್ನೆ ಬಂತು. ಕೆಳಗೆ ರುಜು ಹಾಕಿದರು, ಎಂದಿಗಿಂತ ದೊಡ್ಡದಾಗಿ. ಶುಕ್ರವಾರ ಮಾಲೀಕರು ಕೈ ಕುಲುಕಿದರು. ಮನೆಯಲ್ಲಿ ಹೆಂಡತಿ, “ಏನ್ರೀ, ನಡಿಗೆಯೇ ಬದಲಾಗಿದೆ?” ಎಂದಳು.

ನಾಲ್ಕು ತಿಂಗಳ ಮೇಲೆ ಸೈಟಿನಿಂದ ಮೇಸ್ತ್ರಿಯ ಫೋನು. “ಸಾರ್, ನಿಮ್ಮ ಸೊನ್ನೆ ಇಲ್ಲಿ ನಲವತ್ತು ಬಚ್ಚಲಲ್ಲಿ ತೊಲೆಗೆ ಗುದ್ದಿದೆ. ತೊಲೆ ಕೊರೀಲಾ, ಪೈಪ್ ಇಳಿಸ್ಲಾ?”

ತೊಲೆ ಕೊರೆಯುವ ಹಾಗಿಲ್ಲ. ಪೈಪು ತೊಲೆಯ ಕೆಳಗಿಳಿಯಿತು, ಅದನ್ನು ಮುಚ್ಚಲು ಬಚ್ಚಲಿನ ಒಳಚಾವಣಿಯೂ ಇಳಿಯಿತು. ಇನ್ನು ಆಸ್ಪತ್ರೆಯಲ್ಲಿ ರೋಗಿಯನ್ನು ಹಿಡಿದು ಬಚ್ಚಲಿಗೆ ಕರೆದೊಯ್ಯುವವರು ತಲೆ ಬಗ್ಗಿಸಿಯೇ ಹೋಗಬೇಕು.

“ನೀವೇ ಹೇಳಿದ್ರಲ್ಲ ಸಾರ್,” ಎಂದರು ಸಾಹೇಬರು.

“ಎಲ್ಲಿ ಹೇಳಿದೀನಿ? ತೋರ್ಸಿ,” ಎಂದರು ಮ್ಯಾನೇಜರು. ವರದಿಯಲ್ಲಿದ್ದದ್ದು ಒಂದೇ ರುಜು.

ಕುರ್ಚಿ ಪೈಪಿನ ತಂಡದ ಹೆಣ್ಣುಮಗಳೊಬ್ಬಳ ಪಾಲಾಯಿತು. ಹತ್ತು ಮಿಲಿಮೀಟರಿನ ಮಿತಿಯನ್ನು ಇನ್ನು ಯಾರೂ ಮುಟ್ಟಕೂಡದೆಂದು ಮ್ಯಾನೇಜರು ಸಭೆ ಕರೆದು ಪ್ರಾಮಾಣಿಕತೆಯ ಮೇಲೆ ಮುಕ್ಕಾಲು ಗಂಟೆ ಮಾತಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ತುಸು ತಡವಾಗಿ.

“ಇದರ ಸುತ್ತೋಲೆ ನೀವೇ ಬರೀರಿ. ನಿಮ್ಮಷ್ಟು ವಿಷಯ ಯಾರಿಗೆ ಗೊತ್ತು?” ಎಂದರು ಮ್ಯಾನೇಜರು ಸಾಹೇಬರಿಗೆ.

ಸಾಹೇಬರು ಬರೆದರು. ಮೂರನೆಯ ಪ್ಯಾರಾದಲ್ಲಿ, ತಪ್ಪಿಗೆ ಉದಾಹರಣೆಯಾಗಿ, ತಮ್ಮದೇ ಹೆಸರು. ಅದರ ಮುಂದೆ ‘ತಪಾಸಕರು’ ಎಂದು ಬರೆದು, ಸ್ವಲ್ಪ ಯೋಚಿಸಿ, ‘ಹಿರಿಯ ತಪಾಸಕರು’ ಎಂದು ತಿದ್ದಿದರು.

ಮ್ಯಾನೇಜರು ಇಡೀ ಸುತ್ತೋಲೆಯಲ್ಲಿ ‘ಹಿರಿಯ’ ಎಂಬ ಒಂದೇ ಪದ ಹೊಡೆದುಹಾಕಿ, ಉಳಿದದ್ದನ್ನು ಹಾಗೆಯೇ ಕಳಿಸಿದರು.