ಕ್ಯಾಬಿನ್ನಿನಲ್ಲಿ ತೊಳೆದಿಟ್ಟ ತಟ್ಟೆಗಳು

ಸತ್ತವರು ಬಂದು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತಿತ್ತು. ಎದುರಿಗೆ ನಗುತ್ತಿರಲಿಲ್ಲ. ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಹಾಗೆ “ಈಸ್ ಇಟ್?” ಎಂದು ಗಂಭೀರವಾಗಿ ಕೇಳಿ, ಮನೆಗೆ ಬಂದು ನಗುತ್ತಿದ್ದೆ. ಮೂವತ್ತು ವರ್ಷ ಉಡುಪಿಯ ಒಂದು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. ಈಗ ಎಪ್ಪತ್ತಾರು. ಬಿಪಿಯ ಒಂದು ಮಾತ್ರೆ ಬಿಟ್ಟರೆ ಬೇರೆ ಔಷಧವಿಲ್ಲ, ತಲೆಯೂ ನೆಟ್ಟಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದನ್ನು ಓದಿ ನಿಮಗೆ ಮೊದಲು ಬರುವ ಅನುಮಾನ ಅದೇ. ನಿಮ್ಮ ಜಾಗದಲ್ಲಿದ್ದರೆ ನನಗೂ ಅದೇ ಬರುತ್ತಿತ್ತು.

ನಡೆದದ್ದು ನಾಲ್ಕು ವರ್ಷಗಳ ಹಿಂದೆ, ಹಾಡಹಗಲಲ್ಲಿ, ಒಂದು ಕ್ರೂಸ್ ಹಡಗಿನಲ್ಲಿ. ಆದರೆ ಅದಕ್ಕೆ ಮೊದಲು ಕಾಪುವಿನ ನಮ್ಮ ಮನೆಯ ಹಿಂಬಾಗಿಲ ವಿಷಯ ಹೇಳದಿದ್ದರೆ ನಿಮಗೆ ಏನೂ ಅರ್ಥವಾಗದು.

ನಾನು ಮದುವೆಯಾಗಿ ಬಂದಾಗ ಆ ಮನೆಯಲ್ಲಿ ಗಿರಿಜಕ್ಕ ಇದ್ದಳು. ನನ್ನ ಗಂಡನ ಅಣ್ಣನ ಹೆಂಡತಿ. ಮಗಳು ಸುಮತಿಗೆ ಮೂರು ತುಂಬುವ ಮೊದಲೇ ಗಂಡ ತೀರಿಕೊಂಡಿದ್ದ. ನಮ್ಮ ಮನೆಯಲ್ಲಿ ಊಟವಾದ ಮೇಲೆ ಎಂಜಲು ತಟ್ಟೆಯನ್ನು ಹಿಂಬಾಗಿಲ ಹೊರಗಿನ ಕಲ್ಲಿನ ಮೇಲೆ ಇಟ್ಟು ಕೈತೊಳೆದರೆ ಮುಗಿಯಿತು. ಉಳಿದದ್ದು ಗಿರಿಜಕ್ಕನ ಕೆಲಸ. ತೆಂಗಿನ ನಾರು, ಒಲೆಯ ಬೂದಿ, ಬಾವಿಯ ನೀರು. ಸೋಪು ಬಂದ ಮೇಲೂ ಅವಳು ಬೂದಿ ಬಿಡಲಿಲ್ಲ. ಅವಳೇ ತೊಳೆಯಬೇಕೆಂದು ಯಾರೂ ಹೇಳಿರಲಿಲ್ಲ. ಯಾರೂ ಹೇಳದೆಯೇ ನಡೆದುಕೊಂಡು ಹೋಗುವ ಏರ್ಪಾಡು ಎಲ್ಲರಿಗೂ ಅನುಕೂಲ, ಅಲ್ವಾ? ನಾನು ಬೆಳಿಗ್ಗೆ ಬಸ್ಸು ಹಿಡಿಯುವ ಟೀಚರ್. ಅವಳು ಮನೆಯಲ್ಲಿಯೇ ಇರುವವಳು. ಬಸ್ಸಿನ ಕಂಡಕ್ಟರನಿಗೆ ದಿನವೂ ಥ್ಯಾಂಕ್ಯೂ ಹೇಳುತ್ತಿದ್ದ ನಾನು ಗಿರಿಜಕ್ಕನಿಗೆ ಒಮ್ಮೆಯೂ ಹೇಳಿದವಳಲ್ಲ.

ಸುಮತಿ ಹತ್ತನೆಯ ಕ್ಲಾಸಿನಲ್ಲಿದ್ದಾಗ ಒಂದು ಬೆಳಿಗ್ಗೆ ನನ್ನೆದುರು ಬಂದು ನಿಂತಳು. “ಚಿಕ್ಕಮ್ಮ, ನಿಮ್ಮ ತಟ್ಟೆ ನೀವೇ ತೊಳೆದ್ರೆ ಆಗ್ತದಾ? ಅಮ್ಮನ ಬೆರಳಿನ ಸಂದು ಒಡೆದು ರಕ್ತ ಬರ್ತಾ ಉಂಟು.”

“ಮೈಂಡ್ ಯುವರ್ ಮ್ಯಾನರ್ಸ್, ಸುಮತಿ,” ಎಂದೆ. ಬ್ಯಾಗು ಹೆಗಲಿಗೇರಿಸಿ ಹೊರಟೆ. ಹಿಂದೆ ಗಿರಿಜಕ್ಕ ಮಗಳನ್ನು ಗದರುವುದು ಕೇಳಿಸಿತು: “ನಿಂಗೆ ಎಂತಕ್ಕೆ ಬೇಡದ ಮಾತು? ನಾನು ಹೇಳಿದ್ನಾ ನಿನ್ನತ್ರ?” ಆ ರಾತ್ರಿಯೂ ನನ್ನ ತಟ್ಟೆ ಕಲ್ಲಿನ ಮೇಲೆಯೇ ಇತ್ತು.

ಸುಮತಿ ಓದಿದಳು, ಮಣಿಪಾಲದಲ್ಲಿ ನರ್ಸಿಂಗ್ ಕಲಿಸುವವಳಾದಳು, ತಾಯಿಯನ್ನು ಅಲ್ಲಿಗೇ ಕರೆದುಕೊಂಡು ಹೋದಳು. ನನ್ನ ಮೇಲೆ ಸಿಟ್ಟು ತೋರಿಸಲಿಲ್ಲ. ಹಬ್ಬಕ್ಕೆ ಹಣ್ಣು ತರುತ್ತಿದ್ದಳು, ಕಾಲು ಮುಟ್ಟುತ್ತಿದ್ದಳು. ಆದರೆ ನನ್ನ ಮನೆಯಲ್ಲಿ ತಟ್ಟೆಯ ಮುಂದೆ ಕೂರುತ್ತಿರಲಿಲ್ಲ. “ಈಗ ಊಟ ಆಯ್ತಷ್ಟೆ ಚಿಕ್ಕಮ್ಮ” ಎನ್ನುವಳು. ಗಿರಿಜಕ್ಕ ತೀರಿಕೊಂಡಾಗ ಸುಮತಿಯ ಹತ್ತಿರ ಕ್ಷಮೆ ಕೇಳಬೇಕೆಂದು ಹೋದೆ. “ತುಂಬಾ ಒಳ್ಳೆಯವಳು” ಎಂದು ಹೇಳಿ ವಾಪಸು ಬಂದೆ.

ಎರಡು ವರ್ಷ ಕಳೆದ ಮೇಲೆ ಸುಮತಿಯ ಫೋನು ಬಂತು. ಸಹೋದ್ಯೋಗಿಗಳೆಲ್ಲ ಸೇರಿ ಮುಂಬೈಯಿಂದ ಲಕ್ಷದ್ವೀಪದ ಕಡೆಗೆ ಕ್ರೂಸ್ ಹೋಗುವವರಿದ್ದರು. ಅವಳ ಕ್ಯಾಬಿನ್ನಿನ ಜೊತೆಗಾತಿ ಬಿದ್ದು ಕಾಲು ಮುರಿದುಕೊಂಡಿದ್ದಳು. “ಒಂದು ಜಾಗ ಖಾಲಿ ಉಂಟು. ನಿಮಗೆ ಬರ್ಲಿಕ್ಕೆ ಆಗ್ತದಾ?” ನಾನು ಆಗುವುದಿಲ್ಲ ಎನ್ನುತ್ತೇನೆ ಎಂದೇ ಕೇಳಿದ್ದಿರಬೇಕು. ಬರುತ್ತೇನೆ ಎಂದೆ. ನಾಲ್ಕು ದಿನ ಒಂದೇ ಕೋಣೆಯಲ್ಲಿದ್ದರೆ ಕೇಳಬೇಕಾದದ್ದನ್ನು ಕೇಳದೆ ತಪ್ಪಿಸಿಕೊಳ್ಳಲು ಆಗುವುದಿಲ್ಲ ಎನ್ನುವುದು ನನ್ನ ಲೆಕ್ಕ.

ಮೊದಲ ದಿನ ತಪ್ಪಿಸಿಕೊಂಡೆ. ಎರಡನೆಯ ದಿನ ಮಧ್ಯಾಹ್ನ ನನಗೆ ತಲೆ ತಿರುಗುತ್ತಿತ್ತೆಂದು ಸುಮತಿ ಊಟವನ್ನು ಕ್ಯಾಬಿನ್ನಿಗೇ ತರಿಸಿದಳು. ಅನ್ನ, ದಾಲ್, ಮೊಸರು, ಹಪ್ಪಳ. ಪುಟ್ಟ ಮೇಜಿನಲ್ಲಿ ಎದುರುಬದುರು ಕುಳಿತು ಉಂಡೆವು. ಮುಗಿಸಿದವಳೇ ಎರಡೂ ತಟ್ಟೆಯಲ್ಲಿ ಉಳಿದದ್ದನ್ನು ಒಂದಕ್ಕೆ ಬಳಿದು, ಚಮಚಗಳನ್ನು ಜೋಡಿಸಿ, ಮೇಲೆ ನ್ಯಾಪ್ಕಿನ್ ಮುಚ್ಚಿದಳು. ತೆಗೆಯಲು ಬರುವವನಿಗೆ ಅಸಹ್ಯವಾಗಬಾರದಂತೆ. ನಾನು ಟ್ರೇ ಎತ್ತಿ ಬಾಗಿಲ ಕಡೆ ಹೋದೆ.

“ಹೊರಗೆ ಇಡ್ಲಿಕ್ಕಿಲ್ಲ ಚಿಕ್ಕಮ್ಮ! ಬಾಗಿಲ ಮೇಲೆ ಬರ್ದಿದ್ದು ಓದ್ಲಿಲ್ವಾ? ಕಾರಿಡಾರಿನಲ್ಲಿ ಯಾರಾದ್ರೂ ಎಡವಿ ಬಿದ್ರೆ? ಇಲ್ಲೇ ಇರ್ಲಿ. ಫೋನ್ ಮಾಡಿದ್ರೆ ಸ್ಟೀವರ್ಡ್ ಬಂದು ತಗೊಂಡು ಹೋಗ್ತಾನೆ.”

“ಮಲಗುವ ಕೋಣೆಯಲ್ಲಿ ಎಂಜಲು ತಟ್ಟೆ ಇಟ್ಟುಕೊಳ್ಳುವುದಾ?”

“ಇಂಗ್ಲಿಷ್ ಟೀಚರಿಗೆ ನಾನು ಎಟಿಕೆಟ್ ಹೇಳಿಕೊಡ್ಬೇಕಾ ಮಾರಾಯ್ರೇ!” ಎಂದು ನಕ್ಕಳು. ತಮಾಷೆಯೋ, ಚುಚ್ಚಿದ್ದೋ, ಈಗಲೂ ನನಗೆ ಗೊತ್ತಿಲ್ಲ. ಗೆಳತಿಯರು ಮೇಲಿನ ಡೆಕ್ಕಿನಲ್ಲಿ ಹೌಸಿ ಆಡಲು ಕರೆಯುತ್ತಿದ್ದರು, ಹೋದಳು.

ಅವಳು ಹೋದ ಕೂಡಲೇ ನಾನು ಟ್ರೇಯನ್ನು ಹೊರಗೆ, ಕಾರಿಡಾರಿನ ಗೋಡೆಗೆ ತಾಗಿಸಿ ಇಟ್ಟೆ. ಬಾತ್‌ರೂಮಿನಲ್ಲಿ, ನಾಲ್ಕು ಹೆಜ್ಜೆ ದೂರದಲ್ಲಿ, ಬೇಸಿನ್ ಇತ್ತು, ಬಿಸಿನೀರೂ ಇತ್ತು. ತೊಳೆಯಬಹುದೆಂಬ ಯೋಚನೆ ನನಗೆ ಬರಲೇ ಇಲ್ಲ. ಬಾಗಿಲು ಹಾಕಿ, ಒಳಗಿನಿಂದ ಬೋಲ್ಟು ಜಾರಿಸಿ ಮಲಗಿದೆ.

ನಿದ್ದೆ ಬಂದಿರಲಿಲ್ಲ. ಮೇಲಿನಿಂದ ಮೈಕಿನಲ್ಲಿ ನಂಬರು ಕೂಗುವುದು ಕೇಳುತ್ತಿತ್ತು. ಅದರ ನಡುವೆ ಇನ್ನೊಂದು ಸದ್ದು ಶುರುವಾಯಿತು. ಬೂದಿ ಹಾಕಿ ನಾರಿನಿಂದ ತಟ್ಟೆ ಉಜ್ಜುವ ಸದ್ದು. ನನ್ನ ಕಾಲಿನ ಹತ್ತಿರವೇ, ಕೋಣೆಯ ಒಳಗೇ. ನನ್ನ ತಾಯಿ, ಅತ್ತೆ, ಕೆಲಸದ ಹೆಂಗಸರು, ಯಾರು ಪಾತ್ರೆ ತೊಳೆದರೂ ಜೊತೆಗೆ ಬಳೆಯ ಸದ್ದು ಇರುತ್ತದೆ. ಇದರಲ್ಲಿ ಬಳೆ ಇರಲಿಲ್ಲ. ಬಳೆಯಿಲ್ಲದೆ ಪಾತ್ರೆ ತೊಳೆಯುವ ಸದ್ದನ್ನು ನಾನು ಜೀವನದಲ್ಲಿ ಒಂದು ಮನೆಯಲ್ಲಿ ಮಾತ್ರ ಕೇಳಿದ್ದು.

ಏಕೆ ಏಳಲಿಲ್ಲ ಎಂದು ನೀವು ಕೇಳಬಹುದು. ಭಯದಿಂದ ಎಂದು ಹೇಳಿದರೆ ಸುಳ್ಳಾದೀತು. ಆ ಸದ್ದು ಕೇಳಿದಾಗ ಏಳುವ ಅಭ್ಯಾಸವೇ ನನಗಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದೆ.

ಸದ್ದು ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಎದ್ದು ನೋಡಿದರೆ ಮೇಜಿನ ಮೇಲೆ ನಮ್ಮ ಎರಡು ತಟ್ಟೆಗಳು ಗೋಡೆಗೆ ಒರಗಿ ನಿಂತಿದ್ದವು, ನೀರು ಇಳಿಯುತ್ತಿತ್ತು. ಲೋಟಗಳು ಕವುಚಿ ಇದ್ದವು. ಪ್ರತಿ ತಟ್ಟೆಯ ಅಡಿಗೆ ಒಂದೊಂದು ಚಮಚ ಅಡ್ಡ ಇಟ್ಟಿತ್ತು. ಅದು ಏಕೆಂದು ನನಗೆ ತಿಳಿಯಲಿಲ್ಲ. ಬೋಲ್ಟು ಹಾಕಿದ ಹಾಗೆಯೇ ಇತ್ತು. ಬಾತ್‌ರೂಮಿನ ಬೇಸಿನ್ ಒಣಗಿತ್ತು. ಬಾಗಿಲು ತೆರೆದು ನೋಡಿದೆ, ಕಾರಿಡಾರಿನಲ್ಲಿ ಟ್ರೇ ಇರಲಿಲ್ಲ, ಮನುಷ್ಯರೂ ಇರಲಿಲ್ಲ. ತಟ್ಟೆಯನ್ನು ಮೂಗಿನ ಹತ್ತಿರ ಹಿಡಿದೆ. ಬೂದಿಯ ವಾಸನೆ. ಅಂಚಿಗೆ ಒಂದು ಎಳೆ ತೆಂಗಿನ ನಾರು ಅಂಟಿಕೊಂಡಿತ್ತು. ಅದನ್ನು ಉಗುರಿನಿಂದ ತೆಗೆದು ತಟ್ಟೆಯನ್ನು ಇದ್ದ ಹಾಗೆಯೇ ಇಟ್ಟೆ.

ಅಷ್ಟರಲ್ಲಿ ಸುಮತಿ ಬಂದಳು. ಮೇಜನ್ನು ನೋಡಿ ಜೋರಾಗಿ ನಕ್ಕಳು. “ಅಯ್ಯೋ ದೇವರೇ, ಹಡಗಿನಲ್ಲಿಯೂ ತಟ್ಟೆ ತೊಳೆದ್ರಾ ನೀವು? ಸ್ಟೀವರ್ಡ್ ನಗಾಡ್ತಾನೆ!” ನಗುತ್ತಾ ಹತ್ತಿರ ಹೋದವಳು ಚಮಚಗಳನ್ನು ನೋಡಿದಳು. ನಗು ನಿಂತಿತು.

“ಚಿಕ್ಕಮ್ಮ, ತಟ್ಟೆ ಜಾರಬಾರದು ಅಂತ ಅಮ್ಮ ಹೀಗೇ ಚಮಚ ಅಡ್ಡ ಕೊಡ್ತಿದ್ಲು. ಇದನ್ನೆಲ್ಲ ನೀವು ನೋಡಿಟ್ಟಿದ್ರಾ?”

ನಾನು ನೋಡಿರಲಿಲ್ಲ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದು ಆ ಕಲ್ಲಿನ ಕಡೆ ಕತ್ತು ತಿರುಗಿಸಿದವಳಲ್ಲ.

ಅವಳು ಮಂಚದ ಅಂಚಿನಲ್ಲಿ ಕುಳಿತಳು. “ನಾನು ನಿಮಗೆ ಒಮ್ಮೆ ಹೇಳಿದ್ದು ನೆನಪುಂಟಾ? ತಟ್ಟೆ ತೊಳೀರಿ ಅಂತ?”

“ಉಂಟು.”

“ಇಷ್ಟು ವರ್ಷ ನನಗೆ ಅದನ್ನು ಬಿಡ್ಲಿಕ್ಕೆ ಆಗ್ಲಿಲ್ಲ. ಅಮ್ಮ ಸಾಯುವಾಗ ಕೂಡ ನಿಮ್ಮ ಮೇಲೆ ಸಿಟ್ಟು ಬೇಡ ಅಂತ ಹೇಳಿದ್ಲು, ಆಗ್ಲಿಲ್ಲ. ಇವತ್ತು ಹೋಯ್ತು. ಬಿಡಿ.” ಕಣ್ಣು ಒರೆಸಿಕೊಂಡಳು.

ಆಗ ನಾನು ಹೇಳಬೇಕಾದದ್ದು ಒಂದೇ ಮಾತು. ಅದರ ಬದಲು ನನ್ನ ಬಾಯಿಂದ ಬಂದದ್ದು ಇದು: “ಎರಡು ತಟ್ಟೆ ಅಲ್ವಾ, ಅದರಲ್ಲೇನುಂಟು?”

ಈಗ ಸುಮತಿ ಪ್ರತಿ ಭಾನುವಾರ ಕಾಪುವಿಗೆ ಬರುತ್ತಾಳೆ. ನನ್ನ ಜೊತೆ ಕುಳಿತು ಉಣ್ಣುತ್ತಾಳೆ. ನಮ್ಮ ಚಿಕ್ಕಮ್ಮ ಹಡಗಿನಲ್ಲಿಯೂ ತಟ್ಟೆ ತೊಳೆದವರು ಎಂದು ಸಿಕ್ಕವರಿಗೆಲ್ಲ ಹೇಳುತ್ತಾಳೆ. ಜನ ನಗುತ್ತಾರೆ, ನಾನೂ ನಗುತ್ತೇನೆ.

ಸಮಾಧಾನಕ್ಕೆ ಏನೆಲ್ಲ ಯೋಚಿಸಿದ್ದೇನೆ. ಯಾರೋ ಬಂದಿರಬಹುದು ಎಂದರೆ ಬೋಲ್ಟು ಒಳಗಿನಿಂದ ಹಾಕಿತ್ತು. ನಾನೇ ಮಂಪರಿನಲ್ಲಿ ತೊಳೆದು ಮರೆತಿರಬಹುದು ಎಂದು ಒಬ್ಬ ಡಾಕ್ಟರು ಹೇಳಿದರು. ಹಾಗಾಗಿದ್ದರೆ ನನ್ನಷ್ಟು ಸಂತೋಷಪಡುವವರು ಬೇರೆ ಇಲ್ಲ. ಆದರೆ ಚಮಚದ ವಿಷಯ ನನಗೆ ತಿಳಿದದ್ದೇ ಸುಮತಿ ಹೇಳಿದ ಮೇಲೆ. ಗೊತ್ತೇ ಇಲ್ಲದ್ದನ್ನು ಮಂಪರಿನಲ್ಲಿ ಯಾರಾದರೂ ಮಾಡುತ್ತಾರೆಯೇ? ಬೂದಿ ಎಲ್ಲಿಂದ ಬಂತು, ನಾರು ಎಲ್ಲಿಂದ ಬಂತು, ನನಗೆ ಗೊತ್ತಿಲ್ಲ. ಬಂದದ್ದು ಅವಳೇ ಆಗಿದ್ದರೆ ಮಗಳಿಗಾಗಿ ಬಂದಳೋ, ನನಗಾಗಿ ಬಂದಳೋ, ಅಥವಾ ಎಂಜಲು ತಟ್ಟೆ ಹೊರಗೆ ಬಿದ್ದಿರುವುದನ್ನು ನೋಡಲಾರದೆ ಬಂದಳೋ, ಅದೂ ಗೊತ್ತಿಲ್ಲ.

ಈ ಬರಹ ಅಚ್ಚಾದರೆ ಸುಮತಿ ಓದುತ್ತಾಳೆ. ಓದಿದ ಮೇಲಿನ ಭಾನುವಾರ ಬರುತ್ತಾಳೋ ಇಲ್ಲವೋ ಹೇಳಲಾರೆ. ಆ ತಟ್ಟೆಗಳನ್ನು ನಾನು ತೊಳೆದಿಲ್ಲ.