ಸೀಟಿನ ಮೇಲಿನ ಟವೆಲ್ಲು

ನನ್ನ ಬೀರುವಿನ ಕೆಳಗಿನ ಅರೆಯಲ್ಲಿ ಒಂದು ಹಳೆಯ ಚೌಕಳಿ ಟವೆಲ್ಲಿದೆ. ಬಣ್ಣ ಮಾಸಿ, ಅಂಚು ಪಿಸಿದು, ಮೈ ಒರೆಸುವುದಕ್ಕಿರಲಿ ನೆಲ ಒರೆಸುವುದಕ್ಕೂ ಬಾರದ ಅದನ್ನು ಎಸೆಯಬಾರದೇ ಎಂದು ಸೊಸೆ ಕೇಳಿದಾಗಲೆಲ್ಲ, "ಅದು ಟವೆಲ್ಲಲ್ಲ, ಸೀಟು ಕಣೇ" ಎಂದು ನಕ್ಕುಬಿಡುತ್ತೇನೆ. ನಿಮಗಾದರೂ ಬಿಡಿಸಿ ಹೇಳಬೇಕು.

ಸೀಟು ಎಂಬ ಇಂಗ್ಲಿಷ್ ಮಾತು ನಮ್ಮ ಅರಸೀಕೆರೆಗೆ ರೈಲಿನಲ್ಲಿ ಬಂತೋ ಬಸ್ಸಿನಲ್ಲಿ ಬಂತೋ ಕಾಣೆ. ಬಂದದ್ದು ಮಾತ್ರ ಇಳಿದು ಹೋಗಲಿಲ್ಲ. ಕೂರುವ ಜಾಗಕ್ಕೆ ನಮ್ಮಲ್ಲೇನು ಪದಗಳ ಬರವೇ? ಮದುವೆಗೆ ಹಸೆಮಣೆ, ಮಠಕ್ಕೆ ಗದ್ದುಗೆ, ದೊಡ್ಡವರಿಗೆ ಆಸನ ಎಂದು ಒಂದೊಂದಕ್ಕೂ ಅದರದರ ಮರ್ಯಾದೆಯುಂಟು. ಸೀಟಿಗೆ ಅಂಥ ಬಿಗುಮಾನವಿಲ್ಲ. ಅಪ್ಪನ ಸೈಕಲ್ಲಿಗೂ ಸೀಟು, ದರ್ಜಿ ಅಳತೆ ಹಿಡಿಯುವ ಚಡ್ಡಿಯ ಹಿಂಭಾಗಕ್ಕೂ ಸೀಟು, ಚುನಾವಣೆ ಬಂದರೆ ಪಕ್ಷದವರು ಕಿತ್ತಾಡುವುದೂ ಅದಕ್ಕೇ. ಎಲ್ಲಕ್ಕಿಂತ ವಿಚಿತ್ರವಾದದ್ದು ಓದಿನ ಸೀಟು. ಅದರ ಮೇಲೆ ಯಾರೂ ಕೂರಲಾರರು, ಆದರೂ ಅದು ಸಿಗದವರು ಬದುಕೆಲ್ಲ ನಿಂತೇ ಇರಬೇಕಾಗುತ್ತದೆ.

ಎಂಬತ್ತರ ದಶಕದ ಮೊದಲಲ್ಲಿ ಹಾಸನದ ಟೀಚರ್ ಟ್ರೈನಿಂಗಿಗೆ ನನಗೆ ಕರೆ ಬಂತು. ನನ್ನ ಹೆಸರಿದ್ದದ್ದು ಕಾಯುವವರ ಪಟ್ಟಿಯಲ್ಲಿ, ಮೊದಲನೆಯದಾಗಿ. ಆರಿಸಿದವರಲ್ಲಿ ಯಾರಾದರೂ ಸೇರುವ ದಿನ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಬಾರದಿದ್ದರೆ ಆ ಸೀಟು ನನಗೆ. ಸಿಗದಿದ್ದರೆ ಗಂಡು ನೋಡುವುದೆಂದು ಅಜ್ಜಿ ಆಗಲೇ ತೀರ್ಮಾನಿಸಿದ್ದರು. ನನಗೋ ಓದಿ ಟೀಚರಾಗುವ ಆಸೆ.

ಅಪ್ಪ ಕೊಬ್ಬರಿ ಮಂಡಿಯಲ್ಲಿ ಕೆಲಸಕ್ಕಿದ್ದವರು. ಅವರ ಹೆಗಲ ಟವೆಲ್ಲಿಗೂ ಕೊಬ್ಬರಿಯದೇ ವಾಸನೆ. ಆ ಕಾಲದಲ್ಲಿ ಬಸ್ಸಿನ ಕಿಟಕಿಯಿಂದ ಒಳಕ್ಕೆ ಟವೆಲ್ಲು ಎಸೆದರೆ ಆ ಸೀಟು ಎಸೆದವನದು. ನೋಂದಾಯಿಸಿದ ಪತ್ರಕ್ಕೂ ಅಷ್ಟು ಬೆಲೆಯಿರಲಿಲ್ಲ. ಅಂದು ಅಪ್ಪ ಗಡಿಬಿಡಿಯಲ್ಲಿ ಹಾಸನದ ಬಸ್ಸಿನ ಬದಲು ಪಕ್ಕದಲ್ಲೇ ನಿಂತಿದ್ದ ಬೇಲೂರಿನ ಬಸ್ಸಿಗೆ ಎಸೆದುಬಿಟ್ಟರು. ತಿಳಿಯುವಷ್ಟರಲ್ಲಿ ಅದು ಹೊರಟೇ ಹೋಯಿತು. "ಹೋಗ್ಲಿ ಬಿಡವ್ವ, ಯಾರಾದ್ರೂ ಕೂತ್ಕತಾರೆ" ಎಂದರು. ಹಾಸನದವರೆಗೂ ಇಬ್ಬರೂ ನಿಂತೇ ಹೋದೆವು.

ಅಲ್ಲಿ ಒಬ್ಬಳ ಹೊರತು ಎಲ್ಲರೂ ಬಂದಿದ್ದರು. ಬಾರದವಳು ಹಳೇಬೀಡಿನ ಪದ್ಮಾವತಿ. ಹನ್ನೆರಡಕ್ಕೆ ಇನ್ನೂ ಕಾಲು ಗಂಟೆಯಿರುವಾಗಲೇ ಗುಮಾಸ್ತರು ನನ್ನನ್ನು ಕರೆದು ಸಹಿಗೆ ಪುಸ್ತಕ ತಿರುಗಿಸಿದರು. ನಾನು ಪೆನ್ನು ಹಿಡಿದೆ. ಅಷ್ಟರಲ್ಲಿ ಅಪ್ಪ, "ಇನ್ನೂ ಟೇಮ್ ಐತಲ್ಲ ಸ್ವಾಮಿ. ಆ ಮಗೀಗೆ ಬಸ್ಸು ಸಿಕ್ಕಿಲ್ವೇನೋ. ಇನ್ನೊಂದ್ಸಲ ಕೂಗ್ಬುಡಿ" ಎಂದರು.

"ಅವಳು ಬರದಿದ್ರೇನೇ ನಿಮ್ಮ ಮಗಳಿಗೆ ಸೀಟು ಕಣ್ರೀ."

"ಗೊತ್ತು ಸ್ವಾಮಿ. ಕೂಗಿ."

ಗುಮಾಸ್ತರು ಹೊರಬಾಗಿಲಿಗೆ ಹೋಗಿ ಕೂಗಿದರು. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ, ಅವಳು ಬರದಿರಲಿ ದೇವರೇ ಎಂದು ಬೇಡಿದೆ. ಮುಖ ಕಾಣದ ಹುಡುಗಿಗೆ ಕೇಡು ಬಯಸಿದೆ. ಅವಳು ಬರಲಿಲ್ಲ. ಹನ್ನೆರಡು ಹೊಡೆಯಿತು, ಸಹಿ ಹಾಕಿದೆ. ಅಪ್ಪ ಅಂಗಿಯ ತೋಳಿನಿಂದ ಮುಖ ಒರೆಸಿಕೊಳ್ಳುತ್ತ ಇನ್ನೂ ಗೇಟಿನತ್ತಲೇ ನೋಡುತ್ತಿದ್ದರು.

ನಾಲ್ಕು ದಿನ ಬಿಟ್ಟು ಬೇಲೂರು ಬಸ್ಸಿನ ಕಂಡಕ್ಟರು ಅರಸೀಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಅಪ್ಪನನ್ನು ಗುರುತು ಹಿಡಿದು ಟವೆಲ್ಲು ಮರಳಿಸಿದ. "ತಗಳಣ್ಣ. ಹಳೇಬೀಡ್ ಗಂಟ ಜನ ನಿಂತ್ಕಂಡೇ ಬಂದ್ರು, ಒಬ್ರೂ ಕೂರ್ಲಿಲ್ಲ. ಯಾರೋ ಬತ್ತಾರೆ ಅಂತ ಸೀಟು ಹಂಗೇ ಬಿಟ್ಟಿದ್ರು." ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹಳೇಬೀಡು ಎಂದದ್ದು ಕೇಳಿ ಪಕ್ಕದಲ್ಲಿದ್ದ ನನಗೆ ನಗು ಬರಲಿಲ್ಲ.

ಪದ್ಮಾವತಿಗೆ ಮದುವೆ ಗೊತ್ತಾಯಿತೋ, ಜ್ವರ ಬಂದಿತ್ತೋ, ನಿಜವಾಗಿಯೂ ಬಸ್ಸೇ ತಪ್ಪಿತೋ, ಇಂದಿಗೂ ತಿಳಿಯದು. ಬಾಣಾವರದ ಶಾಲೆಯಲ್ಲಿ ನಿವೃತ್ತಿಯವರೆಗೂ ಹಾಜರಿ ಕರೆಯುವಾಗ, ಉತ್ತರ ಬಾರದ ಮಗುವಿನ ಹೆಸರನ್ನು ಬಾಗಿಲ ಕಡೆ ನೋಡುತ್ತ ಇನ್ನೊಂದು ಸಲ ಕೂಗುವುದು ನನಗೆ ಅಭ್ಯಾಸವಾಯಿತು. ಜೊತೆಯ ಟೀಚರುಗಳು ಇದನ್ನು ಆಡಿಕೊಂಡು ನಗುತ್ತಿದ್ದರು.

ಬೀರು ಜೋಡಿಸುವಾಗ ಆ ಟವೆಲ್ಲನ್ನು ಕೊಡವಿ ಮತ್ತೆ ಅಲ್ಲೇ ಮಡಿಸಿಡುತ್ತೇನೆ. ಅದು ಅಪ್ಪ ನನಗಾಗಿ ಹಿಡಿದ ಸೀಟು ಎಂದುಕೊಂಡಿದ್ದೆ. ಈಗೀಗ ಅದು ಪದ್ಮಾವತಿಯದು ಅನ್ನಿಸುತ್ತದೆ.